ವಿಕಾಸವಾದಕ್ಕೆ ಪ್ರಮಾಣವೇನು?

ಕಳೆದ ಶ್ರಾವಣದಲ್ಲಿ ನಾವು ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಪಿ.ಯು.ಸಿ. ಓದುತ್ತಿರುವ ಅವರ ಮೊಮ್ಮಗಳು ಸಂಕೋಚದಿಂದಲೇ ಕೇಳಿದಳು: "ಅಜ್ಜಾರೀ, ಡಾರ್ವಿನ್ ಹೇಳಿದ್ದು ಖರೇ ಅಂತ ಒಪ್ಪಿಕೊಂಡ್ರ ದೇವರನ್ನ ಬಿಡಬೇಕೇನ್ರಿ?" ಮನೆಯ ಹಿರಿಯರು ಗದರಿಸಲು ಹೊರಟರು, ನಾವು ತಡೆದೆವು. ಪೂರ್ವಪಕ್ಷವನ್ನು ಅರಿಯದೆ ಉತ್ತರ ಹೇಳಬಾರದೆಂಬುದು ಮಠದ ಪಾಠಶಾಲೆಯಲ್ಲಿ ನಾವು ಕಲಿತ ಮೊದಲ ಪಾಠ. ಆದುದರಿಂದ ಕೆಲವು ತಿಂಗಳು ಈ ವಿಷಯವನ್ನೇ ಓದಿದೆವು.

ಈ ವಿವಾದದ ತವರು ಅಮೆರಿಕ. ಬೈಬಲ್ಲಿನ ಸೃಷ್ಟಿಕಥೆಯನ್ನು ಅಕ್ಷರಶಃ ನಂಬುವವರು ಅಲ್ಲಿ ವಿಕಾಸದ ಬೋಧನೆಯನ್ನು ಬಹುಕಾಲದಿಂದ ವಿರೋಧಿಸುತ್ತ ಬಂದಿದ್ದಾರೆ. 1925ರಲ್ಲಿ ಟೆನೆಸಿ ರಾಜ್ಯದಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ ಇದೇ ಕಾರಣಕ್ಕೆ 100 ಡಾಲರ್ ದಂಡ ವಿಧಿಸಲಾಯಿತು. 1987ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, 'ಸೃಷ್ಟಿವಿಜ್ಞಾನ'ವನ್ನು ಶಾಲೆಗಳಲ್ಲಿ ಕಲಿಸಲು ಲೂಸಿಯಾನಾ ರಾಜ್ಯ ಮಾಡಿದ್ದ ಕಾನೂನನ್ನು ರದ್ದುಗೊಳಿಸಿತು. ಬಳಿಕ ಅದೇ ವಾದವು 'ಬುದ್ಧಿಪೂರ್ವಕ ರಚನೆ' ಎಂಬ ಹೊಸ ಹೆಸರಿನಿಂದ ಬಂದಿತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಊರಿನ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ಅವರು ಅದು ವಿಜ್ಞಾನವಲ್ಲವೆಂದು ತೀರ್ಪಿತ್ತರು.

"ಆಗ ನಡೆದುದನ್ನು ಕಂಡವರು ಯಾರು?" ಎಂದು ಸೃಷ್ಟಿವಾದಿಗಳು ಕೇಳುತ್ತಾರೆ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಅನುಮಾನ ಪ್ರಮಾಣವನ್ನು ನಮ್ಮ ತರ್ಕಶಾಸ್ತ್ರವೂ ಒಪ್ಪಿದೆ. ಎರಡು ನಿದರ್ಶನಗಳನ್ನು ನೋಡೋಣ.

ಚಿಂಪಾಂಜಿ, ಗೊರಿಲ್ಲಾಗಳ ಜೀವಕೋಶದಲ್ಲಿ 48 ವರ್ಣತಂತುಗಳಿವೆ, ಮನುಷ್ಯನಲ್ಲಿ 46. ಮೂಲ ಒಂದೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಅದು ಸುಮ್ಮನೆ ಕಳೆದುಹೋಗಿದ್ದರೆ ಜೀವ ಉಳಿಯುವುದು ಕಷ್ಟ. ಎರಡು ತಂತುಗಳು ಬೆಸೆದುಕೊಂಡಿರಬೇಕು; ಬೆಸೆದಿದ್ದರೆ ಗುರುತು ಉಳಿದಿರಬೇಕು. ಹುಡುಕಿದಾಗ ಮನುಷ್ಯನ ಎರಡನೆಯ ವರ್ಣತಂತುವಿನಲ್ಲಿ, ತುದಿಯಲ್ಲಷ್ಟೇ ಇರಬೇಕಾದ ರಚನೆಯು ನಡುವೆಯೂ ಸಿಕ್ಕಿತು. ಡೋವರ್ ನ್ಯಾಯಾಲಯದಲ್ಲಿ ಇದನ್ನು ವಿವರಿಸಿದ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕರೆಂಬುದು ಗಮನಾರ್ಹ.

ಇನ್ನೊಂದು: 38.5 ಕೋಟಿ ವರ್ಷಗಳ ಹಿಂದಿನ ಶಿಲೆಗಳಲ್ಲಿ ಮೀನುಗಳಿವೆ, 36.5 ಕೋಟಿ ವರ್ಷಗಳ ಹಿಂದಿನವುಗಳಲ್ಲಿ ಕಾಲುಳ್ಳ ಪ್ರಾಣಿಗಳಿವೆ. ನಡುವಣ ಜೀವಿ ಇದ್ದುದಾದರೆ ನಡುವಣ ಕಾಲದ ಶಿಲೆಯಲ್ಲೇ ಸಿಗಬೇಕೆಂದು ನೀಲ್ ಶೂಬಿನ್ ಮತ್ತು ಸಂಗಡಿಗರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಹುಡುಕಿದರು. 2004ರಲ್ಲಿ ಟಿಕ್ಟಾಲಿಕ್ ದೊರೆಯಿತು: ಮೈಮೇಲೆ ಮೀನಿನ ಹುರುಪೆ, ಆದರೆ ತಲೆಯನ್ನು ತಿರುಗಿಸಬಲ್ಲ ಕುತ್ತಿಗೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಎಲುಬುಗಳು.

ಓದಬಯಸುವ ಮಕ್ಕಳಿಗೆ ಶೂಬಿನ್ ಅವರು 2008ರಲ್ಲಿ ಬರೆದ 'ಯುವರ್ ಇನ್ನರ್ ಫಿಶ್' ಸುಲಭವಾದ ಗ್ರಂಥ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸಿದ 'ಸೈನ್ಸ್, ಎವಲ್ಯೂಷನ್ ಆ್ಯಂಡ್ ಕ್ರಿಯೇಷನಿಸಂ' ಇನ್ನೂ ಚಿಕ್ಕದು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಮಿಸ್ಸಿಂಗ್ ಲಿಂಕ್' ಇದೆ. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟುದರಿಂದ ಇಂಥ ಓದು ಮನೆಗಳಲ್ಲಿ ಇನ್ನಷ್ಟು ಅವಶ್ಯ.

ಆ ಹುಡುಗಿಗೆ ಮೊನ್ನೆ ನಾವು ಹೇಳಿದುದು ಇಷ್ಟೇ: "ತಂಗೀ, ದೇಹವು ಹೇಗೆ ಬಂದಿತೆಂಬುದಕ್ಕೆ ಶಿಲೆಯೂ ರಕ್ತವೂ ಸಾಕ್ಷಿ ಹೇಳುತ್ತವೆ, ಅದನ್ನು ಒಪ್ಪು. ಬಂದ ದೇಹದಿಂದ ಹೇಗೆ ಬಾಳಬೇಕೆಂಬುದನ್ನು ಮಾತ್ರ ಅವು ಹೇಳಲಾರವು. ಅದನ್ನು ಕೇಳಲು ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದು ಕುಳಿತುಕೋ. ಎರಡರಲ್ಲಿ ಒಂದನ್ನೂ ಬಿಡಬೇಕಾಗಿಲ್ಲ."

ಅಂದು ಗದರಿಸಹೊರಟ ಹಿರಿಯರೇ ಮೊದಲು ತಲೆದೂಗಿದರು.