ಡಬಲ್ಸ್ ಆಟಗಾರ ಹುಟ್ಟುವುದು ಹೇಗೆ? ರೋಹನ್ ಬೋಪಣ್ಣರ ಮೊದಲ ವರ್ಷಗಳು

ರೋಹನ್ ಬೋಪಣ್ಣ ಅಂದರೆ ನಮ್ಮ ಯುವಕರಿಗೆ ಕೂಡಲೇ ನೆನಪಾಗುವುದು 2024ರ ಆಸ್ಟ್ರೇಲಿಯನ್ ಓಪನ್. ಮ್ಯಾಥ್ಯೂ ಎಬ್ಡೆನ್ ಜೊತೆ ಪ್ರಶಸ್ತಿ ಗೆದ್ದು, 43ನೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಆ ಫೋಟೋ ಎಲ್ಲರ ಮೊಬೈಲಲ್ಲೂ ಬಂತು. ಆದರೆ ಅದಕ್ಕೂ ಮೊದಲಿನ ಇಪ್ಪತ್ತು ವರ್ಷದ ಲೆಕ್ಕ ಯಾರೂ ಹೇಳುವುದಿಲ್ಲ. ಕಲಿಯಲಿಕ್ಕೆ ಇರುವುದು ಅಲ್ಲೇ.

ಕಾಫಿ ತೋಟದಿಂದ ಕೋರ್ಟಿಗೆ

ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಟೆನಿಸ್ ಶುರು ಮಾಡಿದ್ದು 11ನೇ ವಯಸ್ಸಿಗೆ. ಐದಾರು ವರ್ಷಕ್ಕೇ ರ‍್ಯಾಕೆಟ್ ಹಿಡಿಯುವ ಮಕ್ಕಳ ನಡುವೆ ಇದು ತಡವೇ. ಮುಂದೆ ಪುಣೆಗೆ ಹೋಗಿ ತರಬೇತಿ ಪಡೆದರು. 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಸ್ ಕಪ್‌ನಲ್ಲಿ ದೇಶಕ್ಕಾಗಿ ಮೊದಲ ಬಾರಿ ಆಡಿದರು. 2003ರಲ್ಲಿ ವೃತ್ತಿಪರ ಆಟಗಾರರಾದರು.

ಸಂಬಳ ಇಲ್ಲದ ಕೆಲಸ

ಕ್ರಿಕೆಟ್‌ನ ಹಾಗೆ ಇಲ್ಲಿ ಮಂಡಳಿಯ ಗುತ್ತಿಗೆ ಇಲ್ಲ. ಟೆನಿಸ್ ಆಟಗಾರ ಒಂದು ರೀತಿಯಲ್ಲಿ ಸ್ವಂತ ಅಂಗಡಿ ಇಟ್ಟವನ ಹಾಗೆ. ವಿಮಾನದ ಟಿಕೆಟ್, ಹೋಟೆಲ್, ಕೋಚ್ ಎಲ್ಲ ಖರ್ಚೂ ಅವನದ್ದೇ. ಗೆದ್ದರೆ ಮಾತ್ರ ವರಮಾನ. ಕೆಳಗಿನ ಮೆಟ್ಟಿಲಿಗೆ ಆಗ ಫ್ಯೂಚರ್ಸ್ ಅನ್ನುತ್ತಿದ್ದರು, ಅದರ ಮೇಲೆ ಚಾಲೆಂಜರ್, ಅದರ ಮೇಲೆ ಎಟಿಪಿ ಟೂರ್, ತುದಿಯಲ್ಲಿ ನಾಲ್ಕು ಗ್ರ್ಯಾನ್ ಸ್ಲಾಮ್. ಕೆಳಗಿನ ಎರಡು ಮೆಟ್ಟಿಲಲ್ಲಿ ಬಹುಮಾನದ ಹಣ ಖರ್ಚಿಗೇ ಸಾಲುವುದಿಲ್ಲ. ಡಬಲ್ಸ್‌ನಲ್ಲಿ ಬಹುಮಾನ ಸಿಂಗಲ್ಸ್‌ಗಿಂತ ಕಡಿಮೆ, ಬಂದದ್ದನ್ನೂ ಇಬ್ಬರು ಹಂಚಿಕೊಳ್ಳಬೇಕು.

ಹಾಗಾದರೆ ಡಬಲ್ಸ್ ಯಾಕೆ? ಬೋಪಣ್ಣ ಸಿಂಗಲ್ಸ್‌ನಲ್ಲಿ ಏರಿದ ಅತ್ಯುನ್ನತ ಸ್ಥಾನ 213, ಅದು 2007ರಲ್ಲಿ. ಆ ಸ್ಥಾನದಲ್ಲಿದ್ದವನಿಗೆ ಗ್ರ್ಯಾನ್ ಸ್ಲಾಮ್‌ನ ಮುಖ್ಯ ಸುತ್ತಿಗೆ ನೇರ ಪ್ರವೇಶ ಸಿಗುವುದಿಲ್ಲ. ಆದರೆ ಅವರ ಸರ್ವ್ ಬಿರುಸು, ನೆಟ್ ಹತ್ತಿರದ ಆಟವೂ ಗಟ್ಟಿ. ಡಬಲ್ಸ್‌ಗೆ ಬೇಕಾದ ಸರಕು ಅದೇ. ಕೋರ್ಟನ್ನು ಇಬ್ಬರು ಕಾಯುವುದರಿಂದ ಓಟವೂ ಕಡಿಮೆ, ದೇಹ ಹೆಚ್ಚು ವರ್ಷ ಬಾಳಿಕೆ ಬರುತ್ತದೆ. ತನ್ನ ಬಂಡವಾಳ ಯಾವುದು ಅಂತ ಗೊತ್ತುಮಾಡಿಕೊಂಡು ಆ ದಾರಿ ಹಿಡಿದರು ಅನ್ನಬಹುದು.

ಪಾಲುದಾರನೇ ಅರ್ಧ ಆಟ

ಡಬಲ್ಸ್ ರ‍್ಯಾಂಕಿಂಗ್ ಜೋಡಿಗೆ ಅಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ. ಟೂರ್ನಿಗೆ ಅರ್ಜಿ ಹಾಕುವಾಗ ಇಬ್ಬರ ಸ್ಥಾನವನ್ನೂ ಕೂಡಿಸಿ ನೋಡುತ್ತಾರೆ. ಮೊತ್ತ ಕಡಿಮೆ ಇದ್ದಷ್ಟು ಪ್ರವೇಶ ಸುಲಭ. ನಾನು 60, ನೀನು 140 ಆದರೆ ನಮ್ಮ ಮೊತ್ತ 200. ನೀನು ಚೆನ್ನಾಗಿ ಆಡದಿದ್ದರೆ ನನ್ನ ಬಾಗಿಲೂ ಮುಚ್ಚುತ್ತದೆ. ಅದಕ್ಕೇ ಜೋಡಿಗಳು ಬೇಗ ಒಡೆಯುವುದು.

ಬೋಪಣ್ಣರ ಮೊದಲ ಎಟಿಪಿ ಡಬಲ್ಸ್ ಪ್ರಶಸ್ತಿ ಬಂದದ್ದು 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಅಮೆರಿಕದ ಎರಿಕ್ ಬ್ಯುಟೊರಾಕ್ ಜೊತೆ. ಆಗ ವಯಸ್ಸು 28. ಆದರೆ ಅವರ ಹೆಸರು ಲೋಕಕ್ಕೆ ತಿಳಿದದ್ದು ಲಾಹೋರಿನ ಐಸಾಮುಲ್ ಹಕ್ ಖುರೇಷಿ ಜೊತೆಗಿನ ಆಟದಿಂದ. ಇಬ್ಬರೂ ಹುಟ್ಟಿದ್ದು ಒಂದೇ ತಿಂಗಳಲ್ಲಿ, 1980ರ ಮಾರ್ಚ್. ಖುರೇಷಿಯ ಅಜ್ಜ ಖ್ವಾಜಾ ಇಫ್ತಿಕಾರ್ ಅಹ್ಮದ್ ದೇಶ ವಿಭಜನೆಗೂ ಮೊದಲು ಭಾರತದ ಹೆಸರಾಂತ ಟೆನಿಸ್ ಆಟಗಾರ. ಖುರೇಷಿ 2002ರ ವಿಂಬಲ್ಡನ್‌ನಲ್ಲಿ ಇಸ್ರೇಲಿನ ಅಮೀರ್ ಹದಾದ್ ಜೊತೆ ಆಡಿದಾಗ ಸ್ವದೇಶದಲ್ಲಿ ನಿಷೇಧದ ಬೆದರಿಕೆಯನ್ನೂ ಕಂಡವರು.

2007ರಲ್ಲಿ ಬೋಪಣ್ಣ, ಖುರೇಷಿ ಚಾಲೆಂಜರ್ ಟೂರ್ನಿಗಳಲ್ಲಿ ಒಟ್ಟಿಗೆ ಗೆದ್ದರು. 2010ರಲ್ಲಿ ಜೊಹಾನ್ಸ್‌ಬರ್ಗ್ ಎಟಿಪಿ ಪ್ರಶಸ್ತಿ, ವಿಂಬಲ್ಡನ್ ಕ್ವಾರ್ಟರ್ ಫೈನಲ್, ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಫೈನಲ್. ಅಲ್ಲಿ ಬ್ರಯಾನ್ ಸಹೋದರರ ಎದುರು 6-7, 6-7ರಿಂದ ಸೋತರು. ಎರಡು ಸೆಟ್ಟೂ ಟೈ ಬ್ರೇಕರ್‌ಗೆ ಹೋಗಿತ್ತು. ವಿಶ್ವಸಂಸ್ಥೆಯಲ್ಲಿನ ಭಾರತ ಹಾಗೂ ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಬಂದು ಇವರ ಆಟ ನೋಡಿದ್ದು ಆ ಟೂರ್ನಿಯಲ್ಲೇ. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಎಂಬ ಇವರ ಅಭಿಯಾನಕ್ಕೆ ಆ ವರ್ಷ ಆರ್ಥರ್ ಆ್ಯಶ್ ಮಾನವೀಯ ಪ್ರಶಸ್ತಿಯೂ ಸಿಕ್ಕಿತು.

ಆ ಫೈನಲ್ ಮುಗಿದು ಹತ್ತು ದಿನ ಆಗುವ ಮೊದಲೇ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಭಾರತ 0-2ರಿಂದ ಹಿಂದೆ ಬಿದ್ದು 2-2 ಮಾಡಿಕೊಂಡಿತ್ತು. ಕೊನೆಯ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿ ದೇಶಕ್ಕೆ ಗೆಲುವು ತಂದದ್ದು ಇದೇ ಡಬಲ್ಸ್ ಆಟಗಾರ.

ನಮ್ಮ ಮಕ್ಕಳಿಗೆ

ವೃತ್ತಿಪರರಾದ ಮೇಲೆ ಮೊದಲ ಎಟಿಪಿ ಪ್ರಶಸ್ತಿಗೆ ಐದು ವರ್ಷ, ಮೊದಲ ಗ್ರ್ಯಾನ್ ಸ್ಲಾಮ್ ಫೈನಲ್‌ಗೆ ಏಳು ವರ್ಷ. ಪುರುಷರ ಡಬಲ್ಸ್‌ನ ಗ್ರ್ಯಾನ್ ಸ್ಲಾಮ್ ಕಿರೀಟಕ್ಕೆ ಇಪ್ಪತ್ತು ವರ್ಷ ದಾಟಿತು. ನಮ್ಮಲ್ಲಿ ಮಗ ಎರಡು ವರ್ಷ ಆಟದ ಹಿಂದೆ ಹೋದರೆ ಸಾಕು, ಇನ್ನು ಗಲ್ಫ್‌ಗೆ ಹೋಗು ಅಂತ ಮನೆಯಲ್ಲಿ ಮಾತು ಶುರುವಾಗುತ್ತದೆ. ಮನೆಯವರ ಚಿಂತೆ ಸುಳ್ಳಲ್ಲ, ಖರ್ಚು ನಿಜಕ್ಕೂ ದೊಡ್ಡದು. ಅದಕ್ಕೇ ಆಟಕ್ಕೆ ಇಳಿಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನ ಬಲ ಯಾವುದು? ಎಷ್ಟು ವರ್ಷದ ಖರ್ಚಿಗೆ ದಾರಿ ಇದೆ? ಜೊತೆಗೆ ನಿಲ್ಲುವವರು ಯಾರು? ಇದಕ್ಕೆ ಉತ್ತರ ಇದ್ದವನಿಗೆ ಮತ್ತೆ ಬೇಕಾದದ್ದು ಸಬ್ರ್. ಅದನ್ನು ಮಗನಷ್ಟೇ ಮನೆಯವರೂ ಇಟ್ಟುಕೊಳ್ಳಬೇಕು.