ಮೇಜಿನ ಮೇಲೆ ನ್ಯಾಟ್, ಅಜಿತ್

ಚೌಕಾಬಾರದ ಕವಡೆ ಉರುಳಿಸಿದವರಿಗೆ ಮೇಜಿನ ಮೇಲಿನ ವಿಮಾನ ಕಾಳಗ ತೀರ ಹೊಸದೆನಿಸದು: ಮನೆ ಬರೆದ ಪಟ, ರಟ್ಟಿನ ವಿಮಾನ, ದಾಳ. ಆದರೆ ಇಲ್ಲಿ ಪ್ರತಿ ಕಾಯಿಗೂ ಒಂದು ಜಾತಕವುಂಟು. ವೇಗ, ತಿರುವು, ಇಂಧನ, ಗುಂಡು ಎಲ್ಲ ಅದರಲ್ಲಿ ಅಂಕಿಗಳಾಗಿರುತ್ತವೆ.

ಬ್ರಿಟಿಷ್ ಪರವಾನಗಿಯಲ್ಲಿ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ನ್ಯಾಟ್‌ನ ಜಾತಕ ಬರೆಯುವುದು ಸುಲಭವಲ್ಲ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕಾಡಿದ ಈ ಪುಟ್ಟ ವಿಮಾನ ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೆ ಹೆಚ್ಚು ಅಂಕ ಕೊಡಬೇಕು. ಅದರ ಎರಡು 30 ಮಿ.ಮೀ. ಫಿರಂಗಿಗಳೋ, ಬೇಕಾದ ಹೊತ್ತಿಗೇ ಸಿಕ್ಕಿಕೊಳ್ಳುತ್ತಿದ್ದವು. ಹಾಗಾಗಿ ಗುಂಡು ಹಾರಿಸುವಾಗ ಇನ್ನೊಂದು ದಾಳ ಬೇಕು. ಆ ನಿಯಮ ಬಿಟ್ಟರೆ, ಅಂಥ ಫಿರಂಗಿ ನಂಬಿ ಗೆದ್ದ ಪೈಲಟ್‌ಗಳಿಗೆ ಅನ್ಯಾಯ ಮಾಡಿದಂತೆ.

1975ರಲ್ಲಿ ಮೊದಲು ಹಾರಿದ ಅಜಿತ್ ನೋಡಲು ಅದೇ ನ್ಯಾಟ್. ಆದರೆ ಇಂಧನ ರೆಕ್ಕೆಯೊಳಗೆ ಸೇರಿ, ರೆಕ್ಕೆಯ ಕೆಳಗೆ ಬಾಂಬಿಗೆ ಜಾಗ ತೆರವಾಯಿತು. ರಟ್ಟಿನ ಕಾಯಿ ಹಳೆಯದೇ ಇರಲಿ, ಚೀಟಿಯನ್ನು ಮಾತ್ರ ಹೊಸದಾಗಿ ಬರೆಯಬೇಕು.