ಬೌಲಿನ ತಳದ ಪೆಟ್ರೋಲು

ಮೈಸೂರಿನಲ್ಲಿ ಗ್ಯಾರೇಜು ಇಟ್ಟವನಿಗೆ ಯೆಜ್ಡಿಯ ಸಹವಾಸ ತಪ್ಪದು. ಆ ಬೈಕು ತಯಾರಿಸುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನ ಹತ್ತಿರವಾದರೆ, ವರ್ಷವಿಡೀ ಹೊದಿಕೆಯಡಿ ಮಲಗಿದ್ದವನ್ನೆಲ್ಲ ನನ್ನ ಬಾಗಿಲಿಗೆ ತಳ್ಳಿಕೊಂಡು ಬರುತ್ತಾರೆ. "ಅಣ್ಣಾ, ನಿಲ್ಸೋವಾಗ ಚೆನ್ನಾಗೇ ಇತ್ತು. ಈಗ ಎಷ್ಟು ಕಿಕ್ ಹೊಡೆದ್ರೂ ಸ್ಟಾರ್ಟ್ ಆಗ್ತಿಲ್ಲ."

ಕಾರ್ಬೊರೇಟರಿನ ಕೆಳಗೊಂದು ಪುಟ್ಟ ಬಟ್ಟಲಿದೆ, ನಾವು ಬೌಲ್ ಅನ್ನುತ್ತೇವೆ. ಟ್ಯಾಂಕಿನಿಂದ ಇಳಿದ ಪೆಟ್ರೋಲು ಅಲ್ಲಿ ನಿಂತು, ಜೆಟ್ಟಿನ ತೂತಿನ ಮೂಲಕ ಗಾಳಿಯೊಡನೆ ಎಂಜಿನ್ನಿಗೆ ಹೋಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲು ಆರಿ ಅಂಟು ಉಳಿಯುತ್ತದೆ. ಯೆಜ್ಡಿಯಂತೂ ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿ. ಆ ಆಯಿಲ್ ಆರುವುದಿಲ್ಲ, ಹಲಸಿನ ಮೇಣದಂತೆ ತಳ ಹಿಡಿಯುತ್ತದೆ. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗೂ ಸಣ್ಣದು. ಕಟ್ಟಿಕೊಳ್ಳಲು ಇನ್ನೆಷ್ಟು ಬೇಕು?

ನಿಲ್ಲಿಸಿಡುವ ಮೊದಲು ಪೆಟ್ರೋಲ್ ಕಾಕ್ ಆಫ್ ಮಾಡಿ, ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಒಳ್ಳೆಯದೇ, ಆದರೆ ಅರ್ಧ ಕೆಲಸ. ಜೆಟ್ಟಿಗೆ ಎಟುಕದ ಪೆಟ್ರೋಲು ತಳದಲ್ಲಿ ಉಳಿದೇ ಇರುತ್ತದೆ. ಕಸ, ನೀರು ಸೇರುವುದೂ ಅಲ್ಲೇ.

ಸ್ಪ್ಲೆಂಡರಿನಂಥ ಗಾಡಿಗೆ ಬೌಲಿನ ಬುಡದಲ್ಲಿ ಡ್ರೈನ್ ಸ್ಕ್ರೂ ಇದೆ. ಎಂಜಿನ್ ತಣ್ಣಗಾಗಲಿ, ಗಾಡಿ ಬಯಲಲ್ಲಿರಲಿ, ಬೀಡಿ ಸೇದುವವರು ದೂರ ಹೋಗಲಿ. ಕಾಕ್ ಆಫ್ ಆಗಿದೆಯೇ ಎಂದು ಮತ್ತೊಮ್ಮೆ ನೋಡಿ, ಇಲ್ಲದಿದ್ದರೆ ಟ್ಯಾಂಕೇ ಖಾಲಿಯಾದೀತು. ಬೌಲಿನಿಂದ ಕೆಳಗಿಳಿಯುವ ಪೈಪಿನ ತುದಿಗೆ ಗಾಜಿನ ಬಾಟಲಿ ಹಿಡಿದು ಸ್ಕ್ರೂ ಸಡಿಲಿಸಿ, ಪೂರ್ತಿ ಬಿಚ್ಚಬೇಕಿಲ್ಲ. ಅದು ಮೆತ್ತಗಿನ ಲೋಹದ್ದು, ಸರಿಯಾದ ಸ್ಕ್ರೂಡ್ರೈವರ್ ಹಾಕದಿದ್ದರೆ ತಲೆ ಸವೆಯುತ್ತದೆ. ಸ್ಕ್ರೂ ಇಲ್ಲದ ಹಳೆಯ ಕಾರ್ಬೊರೇಟರಾದರೆ ಬೌಲನ್ನೇ ಇಳಿಸಬೇಕು.

ಗಾಜಿನ ಬಾಟಲಿಯೇ ಏಕೆಂದರೆ, ತಳದಲ್ಲಿ ನೀರಿದ್ದರೆ ಬೇರೆ ಪದರವಾಗಿ ಕಾಣುತ್ತದೆ. ಈಗಿನ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಅದು ಗಾಳಿಯ ತೇವವನ್ನು ಹೀರುತ್ತದೆ; ನೀರು ಮಿತಿಮೀರಿದರೆ ಎಥೆನಾಲನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವವರು ಇದನ್ನು ಗಮನಿಸಬೇಕು.

ಜೆಟ್ ಕಟ್ಟಿಕೊಂಡಿದ್ದರೆ ದಯವಿಟ್ಟು ತಂತಿ ತೂರಿಸಬೇಡಿ. ಹಿತ್ತಾಳೆಯ ತೂತು ದೊಡ್ಡದಾದರೆ ಮೈಲೇಜು ಇಳಿದಂತೆಯೇ; ಆಮೇಲೆ ಹೊಸ ಜೆಟ್ಟೇ ಗತಿ. ಕಾರ್ಬೊರೇಟರ್ ಕ್ಲೀನರ್ ಹೊಡೆದು, ಗಾಳಿ ಊದಿದರೆ ಸಾಮಾನ್ಯವಾಗಿ ಬಿಡುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಮೇಲಿನ ಬೈಕುಗಳು ಬಹುತೇಕ ಫ್ಯೂಯಲ್ ಇಂಜೆಕ್ಷನ್ನಿನವು. ಅವುಗಳಲ್ಲಿ ಈ ಸ್ಕ್ರೂ ಹುಡುಕಲು ಹೋಗಬೇಡಿ.